ಮೇಡಂ ಕಾಸಿದ ಜೆಲ್ಲಿ

ಮೊನ್ನೆ ಮಗಳಿಗೆ ಪುಡ್ಡಿಂಗ್ ಮಾಡೋಣವೆಂದು ಬಿಸಿನೀರಿಗೆ ಜೆಲಾಟಿನ್ ಪುಡಿ ಸುರಿದೆ. ಬೆಂದ ಮೂಳೆಯಂಥ ಆ ಮಂದ ವಾಸನೆ ಮೇಲೆದ್ದದ್ದೇ ತಡ, ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು. ಮೇಡಂ ನೆನಪಾದರು...

ಮಂಡ್ಯದ ಆಸ್ಪತ್ರೆಯೊಂದರಲ್ಲಿ ನಾನು ಅರಿವಳಿಕೆ ವೈದ್ಯೆಯಾಗಲು ಓದುತ್ತಿದ್ದಾಗ ನಮಗೆ ಕಲಿಸುತ್ತಿದ್ದವರು ಅವರು. ಹಲಗೂರಿನ ಕಡೆಯವರು. ಎಷ್ಟು ಓದಿದ್ದರೂ ಊರ ಮಾತು ಬಿಟ್ಟವರಲ್ಲ. ಅಲ್ಟ್ರಾಸೌಂಡ್ ಪರದೆಯಲ್ಲಿ ರಕ್ತನಾಳ ನೋಡಿಕೊಂಡು ಸೂಜಿ ಹಾಕುವುದನ್ನು ಅಭ್ಯಾಸ ಮಾಡಲು ನಮಗೊಂದು ಮಾದರಿ ಬೇಕಿತ್ತು. ಅಂಗಡಿಯದು ಬಲು ದುಬಾರಿ. ಹಾಗಾಗಿ ಮೇಡಂ ಮನೆಯಲ್ಲೇ ಜೆಲಾಟಿನ್ ಕಾಸಿ, ಪರದೆಯ ಮೇಲೆ ಮಾಂಸದಂತೆ ಕಾಣಲೆಂದು ಇಸಬ್ಗೋಲು ಕಲಸಿ, ನಡುವೆ ಕೆಂಪು ನೀರು ತುಂಬಿದ ರಬ್ಬರ್ ಕೊಳವೆ ಹುದುಗಿಸಿ, ಊಟದ ಡಬ್ಬಿಯಲ್ಲಿ ಎರೆದು ತರುತ್ತಿದ್ದರು.

ಮಂಡ್ಯದ ಬೇಸಿಗೆಗೆ ಅದು ತಡೆಯುತ್ತಿರಲಿಲ್ಲ. ನೀರು ಬಿಟ್ಟುಕೊಂಡು, ಬೂಷ್ಟು ಹಿಡಿದು ನಾರುತ್ತಿತ್ತು. ಮೇಡಂ ಕೈಬಿಡಲಿಲ್ಲ. ಮೊದಲು ನೀರನ್ನು ಚೆನ್ನಾಗಿ ಕುದಿಸಿ ನೋಡಿದರು. ಆಮೇಲೆ ಗಾಯ ತೊಳೆಯುವ ಔಷಧಿ ಸ್ವಲ್ಪ ಬೆರೆಸಿದರು. ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್ಜಿನಲ್ಲಿಟ್ಟರು. ನಾವು ಚುಚ್ಚಿ ಚುಚ್ಚಿ ತೂತು ಮಾಡಿದ ಜೆಲ್ಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೊರೆ ತೆಗೆದು, ಮತ್ತೆ ಎರೆಯುತ್ತಿದ್ದರು. ಕೊನೆಗೂ ಒಂದೇ ಜೆಲ್ಲಿ ವಾರಗಟ್ಟಲೆ ಬಾಳತೊಡಗಿತು.

"ಯಾಕೆ ಮೇಡಂ ಇಷ್ಟು ಕಷ್ಟಪಡ್ತೀರ?" ಎಂದು ಒಮ್ಮೆ ಕೇಳಿದೆ.

"ನಮ್ಮವ್ವ ಆಸ್ಪತ್ರೇಲಿದ್ದಾಗ ನರ ಸಿಗ್ದೆ ಕೈಯೆಲ್ಲಾ ನೀಲಿ ಮಾಡ್ಬುಟ್ಟಿದ್ರು ಕಣಮ್ಮ. ಕಲಿಯೋ ಉಡುಗ್ರು, ಬೈಯಕ್ಕಾಯ್ತದಾ? ಇದುನ್ನ ಎಷ್ಟು ಬೇಕಾರೂ ಚುಚ್ಚಿ. ಇದ್ಕೆ ನೋವಾಗಕಿಲ್ಲ."

ನನ್ನ ಓದು ಮುಗಿಯುವ ಹೊತ್ತಿಗೆ ಮೇಡಂಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಔಷಧಿ ಹರಿಸಿ ಹರಿಸಿ ಕೈಯ ನರಗಳೆಲ್ಲ ಬತ್ತಿಹೋದವು. ಇನ್ನು ಕುತ್ತಿಗೆಯ ದೊಡ್ಡ ನರಕ್ಕೇ ಕೊಳವೆ ಹಾಕಬೇಕು. ಹಿರಿಯ ವೈದ್ಯರೊಬ್ಬರು ಸಿದ್ಧರಾಗಿ ನಿಂತಿದ್ದರು. ಮೇಡಂ ಹಾಸಿಗೆಯಿಂದಲೇ ನನ್ನತ್ತ ಕೈ ತೋರಿಸಿದರು. "ಇವ್ಳು ಆಕ್ಲಿ."

ಸೂಜಿ ಹಿಡಿದೆ. ಮಾಸ್ಕಿನೊಳಗೆ ಕಣ್ಣೀರು ಇಳಿಯುತ್ತಿತ್ತು. ಅವರಿಗೆ ಅದು ಹೇಗೆ ಗೊತ್ತಾಯಿತೋ...

"ಮೊದ್ಲು ಅತ್ತು ಮುಗ್ಸು. ಪರದೆ ಕಾಣಾಕಿಲ್ಲ."

ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡೆ. ಒಂದೇ ಸಲಕ್ಕೆ ನರ ಸಿಕ್ಕಿತು. ನೋವಾಯಿತೇ ಎಂದು ಕೇಳಿದೆ. "ನಮ್ಮವ್ವಂಗೂ ನೀನೇ ಆಕ್ಬೇಕಿತ್ತು ಕಣಮ್ಮ" ಅಂದರು.

ಆ ಕೊಳವೆಯಲ್ಲಿ ಹರಿದ ಯಾವ ಔಷಧಿಯೂ ಅವರನ್ನು ಉಳಿಸಲಿಲ್ಲ. ಉಸಿರು ನಿಂತ ಮೇಲೆ ಅದನ್ನು ತೆಗೆದವಳೂ ನಾನೇ. ತೆಗೆದ ಜಾಗವನ್ನು ಅಭ್ಯಾಸಬಲದಿಂದ ಒತ್ತಿ ಹಿಡಿದೆ. ನಿಲ್ಲಿಸಲು ಅಲ್ಲಿ ರಕ್ತವೇ ಹರಿಯುತ್ತಿರಲಿಲ್ಲ. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ... ನರ್ಸ್ ಬಂದು ಮೆಲ್ಲಗೆ ಬಿಡಿಸಿದರು.

ಈಗ ನಾನು ಮದ್ದೂರಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ವಾರ ಸೋಮನಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿಗೆ ಎಲ್ಲೂ ನರ ಸಿಗುತ್ತಿರಲಿಲ್ಲ. ಪರದೆ ನೋಡಿ ಸೂಜಿ ಹಾಕಿದೆ.

"ಚುಚ್ಚಿದ್ದೇ ಗೊತ್ತಾಗ್ನಿಲ್ವಲ್ಲವ್ವ! ಯಾರು ಕಲ್ಸಿದ್ದು ನಿಂಗೆ?"

"ನಮ್ಮ ಮೇಡಂ. ಹಲಗೂರಿನೋರು."

"ಅವ್ರ ಒಟ್ಟೆ ತಣ್ಣಗಿರ್ಲಿ. ಈಗ ಎಲ್ಲವ್ರೆ?"

ಪಟ್ಟಿ ಅಂಟಿಸುವ ನೆಪದಲ್ಲಿ ತಲೆ ತಗ್ಗಿಸಿದೆ. 'ಇಲ್ಲ' ಎಂಬ ಒಂದು ಮಾತು, ಇಷ್ಟು ವರ್ಷವಾದ ಮೇಲೂ, ಬಾಯಿಗೆ ಬರಲಿಲ್ಲ.