ಬೂಷ್ಟಿಗೆ ಕುಂಕುಮ

ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ನಾನು ಮಾಡುತ್ತಿದ್ದ ಸಂಶೋಧನೆ ಸಮುದ್ರದ ಕೆಸರಿನದು. ಕರಾವಳಿಯಿಂದ ಕೆಸರು ತಂದು, ಅದರ ಬ್ಯಾಕ್ಟೀರಿಯಾ ಬೆಳೆಸಿ, ಅವು ರೋಗಾಣು ಕೊಲ್ಲುವ ರಾಸಾಯನಿಕವನ್ನೇನಾದರೂ ಬಿಡುತ್ತವೆಯೇ ಎಂದು ನೋಡುವುದು. ಸಿಕ್ಕರೆ ಮುಂದೆ ಔಷಧಿಯಾದೀತು. “ಯಾಕವ್ವಾ, ನಮ್ ಒಳೇಲಿ ಕೆಸರಿಲ್ವಾ?” ಎಂದು ಬಸ್ಸಿನಲ್ಲಿ ಯಾರಾದರೂ ಕೇಳದ ದಿನವಿಲ್ಲ. ಹೇಳಿ ಹೇಳಿ ಸಾಕಾಗಿತ್ತು.

ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಂದೇ ಒಂದು. ಬೂದಿ ಬಣ್ಣದ್ದು, ಬೆಳೆಯಲು ಎರಡು ವಾರ ತೆಗೆದುಕೊಳ್ಳುವ ಮಹಾ ಸೋಮಾರಿ. ಒಮ್ಮೆ ರೋಗಾಣುವನ್ನು ಕೊಂದು ತೋರಿಸಿತು, ಆಮೇಲೆ ಎಷ್ಟು ಗೋಗರೆದರೂ ಇಲ್ಲ. ಸಾಲದ್ದಕ್ಕೆ ಕರೆಂಟು ಕೈಕೊಟ್ಟು ಫ್ರೀಜರಿನಲ್ಲಿಟ್ಟಿದ್ದೂ ಹಾಳಾಯಿತು. ಉಳಿದದ್ದು ಅದನ್ನು ಬೆಳೆಯಲು ಬಿಟ್ಟಿದ್ದ ಆರು ಗಾಜಿನ ತಟ್ಟೆ. ಈ ಸಲವೂ ಆಗದಿದ್ದರೆ ಬೇರೆ ವಿಷಯ ಹಿಡಿಯಬೇಕೆಂದು ಗೈಡ್ ಖಡಾಖಂಡಿತವಾಗಿ ಹೇಳಿದ್ದರು.

ಆಯುಧಪೂಜೆ ರಜೆ ಮುಗಿಸಿ ಬಂದರೆ ಲ್ಯಾಬ್ ಫಳಫಳ ಹೊಳೆಯುತ್ತಿದೆ. ಮೈಕ್ರೋಸ್ಕೋಪಿಗೆ ವಿಭೂತಿ, ಫ್ರಿಜ್ಜಿಗೆ ಚೆಂಡುಹೂವು. ತಟ್ಟೆಗಳು ತೊಳೆದು ಬೋರಲಾಗಿವೆ!

“ಬೂಷ್ಟು ಇಡ್ದಿದ್ವು ಮೇಡಂ. ಅಬ್ಬದ ದಿನ ಅಂಗೇ ಮಡಗಾಕಾಯ್ತದಾ? ಬಿಸ್ನೀರಾಕಿ ತೊಳ್ದ್ಬುಟ್ಟೆ” ಎಂದರು ನಮ್ಮ ಅಟೆಂಡರ್, ಹೆಮ್ಮೆಯಿಂದ.

ಅಯ್ಯೋ ದೇವರೇ! ಬಾಯಿಗೆ ಬಂದಂತೆ ಬೈದೆ. ನನ್ನ ತಂದೆಯ ವಯಸ್ಸಿನವರು, ತಲೆ ತಗ್ಗಿಸಿ ನಿಂತರು. ಆಮೇಲೆ ಮೆಲ್ಲಗೆ, “ಒಂದ್ ಮಡಗಿವ್ನಿ. ಮೊದಲ್ನೇ ಮಳೆ ಬಿದ್ದ ಮಣ್ಣಿನ್ ವಾಸ್ನೆ ಬತ್ತಿತ್ತು, ತೊಳ್ಯಾಕೆ ಮನಸಾಗ್ಲಿಲ್ಲ” ಎಂದು ತಂದುಕೊಟ್ಟರು. ತಟ್ಟೆಯೊಳಗೇ ಕುಂಕುಮ, ಹೂವಿನ ಎಸಳು!

“ಮುಚ್ಚಳ ಯಾಕ್ರೀ ತೆಗೆದ್ರಿ?”

“ಮುಚ್ಚಳಕ್ಕಿಕ್ಕುದ್ರೆ ಪೂಜೆ ಆಯ್ತದಾ ಮೇಡಂ?”

ಅಳು ಬಂತು. ಕಸದ ಬುಟ್ಟಿಗೆ ಎಸೆಯಲು ಕೈ ಎತ್ತಿದವಳು ಒಮ್ಮೆ ನೋಡಿದೆ. ನಾಲ್ಕು ದಿನದಲ್ಲಿ ಹೂವಿನಿಂದ, ಕುಂಕುಮದಿಂದ ಬಿಳಿ, ಹಸಿರು ಏನೇನೋ ತಟ್ಟೆ ತುಂಬಾ ಹಬ್ಬಿತ್ತು. ನನ್ನ ಬೂದಿ ಬಣ್ಣದ್ದರ ಸುತ್ತ ಮಾತ್ರ ಉಂಗುರದಷ್ಟು ಜಾಗ ಖಾಲಿ. ಅಲ್ಲಿಗೆ ಯಾವುದೂ ಕಾಲಿಟ್ಟಿರಲಿಲ್ಲ.

ವೈರಿಗಳು ಮೈಮೇಲೆ ಬಂದರೇನೇ ಅದು ವಿಷ ಕಾರುವುದು. ಅಂದು ಒಮ್ಮೆ ಕೊಂದಾಗಲೂ ತಟ್ಟೆಗೆ ಯಾವುದೋ ಬೂಷ್ಟು ಹೊಕ್ಕಿದ್ದಿರಬೇಕು. ನಾಲ್ಕು ವರ್ಷ ಅದನ್ನು ಒಂಟಿಯಾಗಿ ಮಡಿಯಲ್ಲಿ ಕೂರಿಸಿದ್ದವಳು ನಾನೇ. ನನ್ನ ಮೇಲೇ ಸಿಟ್ಟು ಬಂತು. ಬೈದದ್ದು ನೆನೆದು ನಾಚಿಕೆಯೂ ಆಯಿತು.

ಎರಡು ವಾರ ಕಾದು, ಅದರಿಂದಲೇ ಹೊಸದೊಂದು ತಟ್ಟೆ ಬೆಳೆಸಿ ಅವರ ಮುಂದೆ ಹಿಡಿದೆ. “ಅಣ್ಣಾ, ಇದಕ್ಕೂ ಒಂದ್ ಪೂಜೆ ಮಾಡಿ. ಅದೇ ಹೂವು, ಅದೇ ಕುಂಕುಮ.”

ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಬೈಯಾಕಿಲ್ಲ ತಾನೆ?”