ಧ್ವನಿಯಲ್ಲಿ ಕಾಣದ ಮೀಸೆ

ಕಳೆದ ವರ್ಷ ನಾನೂ ನನ್ನ ಗಂಡನೂ ಪಾಡ್‌ಕಾಸ್ಟ್ ಮಾಡಲು ಹೊರಟೆವು. ನಮ್ಮ ಸುತ್ತಲಿನ ಹೆಣ್ಣುಮಕ್ಕಳ ಹಳೆಯ ಸಂಗತಿಗಳನ್ನು ಅವರ ಬಾಯಲ್ಲೇ ಕೇಳಿಸಬೇಕೆಂಬ ಆಸೆ. ಆದರೆ ಆಡಿಯೋ ಸಾಕೋ, ವಿಡಿಯೋ ಬೇಕೋ ಎಂಬಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಂಡೆವು. ನನಗೆ ಆಡಿಯೋವೇ ಇಷ್ಟ. ಶಹಾಬಾದದಿಂದ ಚಿತ್ತಾಪುರದ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವವಳು ನಾನು. ಕಣ್ಣು ಮುಚ್ಚಿ ಕೇಳುವುದರಲ್ಲೇ ಸುಖ. ರೊಟ್ಟಿ ಬಡಿಯುತ್ತಲೂ ಕೇಳಬಹುದಲ್ಲ ಎಂದು ನನ್ನ ವಾದ. ಈಗ ಯಾರೂ ಬರೀ ಕೇಳುವುದಿಲ್ಲ, ನೋಡುತ್ತಾರೆ ಎಂದು ಮನೆಯವರ ವಾದ. ಕೊನೆಗೆ ನಾನೇ ಗೆದ್ದೆ.

ಮೊದಲು ಅತ್ತೆಯನ್ನೇ ಕೂರಿಸಿದೆವು. ಮನೆಯ ನೆಲವೆಲ್ಲ ನಮ್ಮೂರಿನ ಪರಸಿ ಕಲ್ಲು. ದನಿ ಗವ್ವೆಂದು ತಿರುಗಿ ಬರುತ್ತಿತ್ತು. ಇದ್ದಬದ್ದ ಕೌದಿಗಳನ್ನೆಲ್ಲ ಹಾಸಿ, ಕಿಟಕಿಗೂ ಹೊದಿಸಿ ಮೈಕ್ ಇಟ್ಟೆವು. ಹುಡುಗಿಯಾಗಿದ್ದಾಗ ಅಕ್ಕನ ಜೊತೆ ಶಹಾಬಾದಕ್ಕೆ ಹೊರಟವರು, ವಾಡಿ ಸ್ಟೇಷನ್ನಿನಲ್ಲಿ ಬೇರೆ ರೈಲು ಹತ್ತಿ ಸೇಡಂ ಕಡೆ ಹೋಗಿಬಿಟ್ಟ ಕತೆ ಹೇಳಿದರು. ಟಿ.ಸಿ. ಬಂದದ್ದಕ್ಕೆ, ಅಕ್ಕ ಅತ್ತದ್ದಕ್ಕೆ ನಾವು ಹೊಟ್ಟೆ ಹಿಡಿದು ನಕ್ಕೆವು.

ಸಂಜೆ ಹಾಕಿ ಕೇಳಿದರೆ ಟಿ.ಸಿ. ಬರುವ ಜಾಗದಲ್ಲಿ ಏನೂ ಇಲ್ಲ. ಮೌನ, ಆಮೇಲೆ ನಮ್ಮ ನಗು. ಅತ್ತೆ ಅವನನ್ನು ಮಾತಿನಲ್ಲಿ ಹೇಳಿರಲೇ ಇಲ್ಲ. ಇಲ್ಲದ ಮೀಸೆ ತಿರುವಿ, ಹುಬ್ಬೇರಿಸಿ, ಕೈ ಚಾಚಿ ತೋರಿಸಿದ್ದರು. ಮನೆಯವರು ಮುಗುಳ್ನಕ್ಕರು. ಅದೊಂದನ್ನು ಬಾಯಲ್ಲಿ ಹೇಳಿಬಿಡಿ ಎಂದು ಅತ್ತೆಯನ್ನು ಕೇಳಿಕೊಂಡೆ. ಹೇಳಿದರು. ಯಾರಿಗೂ ನಗು ಬರಲಿಲ್ಲ, ಅವರಿಗೂ.

ಇದು ಕೊಡ್ಲಿಯಲ್ಲಿರುವ ತಮ್ಮ ಅಕ್ಕನ ಫೋನಿಗೂ ಹೋಗುತ್ತದೆಯೇ ಎಂದು ಆಗ ಅತ್ತೆ ಕೇಳಿದರು. ಹೋಗುತ್ತದೆ ಎಂದೆ.

“ಆಕಿಗಿ ಈಗ ಕಿವಿ ಕೇಳಲ್ಲವ್ವ. ಬರೀ ದನಿ ಕಳಿಸಿದ್ರ ಏನ್ ಮಾಡ್ತಾಳ? ನನ್ನ ಮಾರಿ, ಕೈ ಕಂಡ್ರ ಎಲ್ಲಾ ತಿಳ್ಕೋತಾಳ.”

ನನ್ನ ವಾದ ಅಲ್ಲಿಗೆ ಮುಗಿಯಿತು.

ಮರುವಾರ ಮನೆಯವರು ಜೋಳದ ಡಬ್ಬಿಯ ಮೇಲೆ ಫೋನು ನಿಲ್ಲಿಸಿದರು. ಅತ್ತೆ ಇಳಕಲ್ ಸೀರೆ ಉಟ್ಟು, ಆಧಾರ್ ಕಾರ್ಡಿನ ಫೋಟೋಕ್ಕೆ ಕೂತಂತೆ ಬಿಗಿಯಾಗಿ ಕೂತರು. ಫೋನು ನೋಡಬೇಡಿ, ನನಗೆ ಹೇಳಿ ಎಂದು ನಾನು ಎದುರಿಗೆ ಕೂತೆ. ಕತೆಯ ರೈಲು ವಾಡಿ ಬಿಡುವಷ್ಟರಲ್ಲಿ ಅವರಿಗೆ ಫೋನು ಮರೆತೇಹೋಗಿತ್ತು.

ಅದನ್ನು ಕೊಡ್ಲಿಗೆ ಕಳಿಸಿದ ಕೆಲವು ದಿನಗಳ ನಂತರ ಅಲ್ಲಿಂದ ಅಕ್ಕನ ಸೊಸೆ ಒಂದು ವಿಡಿಯೋ ಕಳಿಸಿದಳು. ಅತ್ತೆಯ ಆ ಅಕ್ಕ, ನಮ್ಮ ದೊಡ್ಡತ್ತೆ, ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಬೆರಳೆತ್ತಿ, “ಸುಳ್ಳ ಹೇಳಾಕತ್ತಾಳ. ಟಿ.ಸಿ.ನ ನೋಡಿ ಅತ್ತಾಕಿ ಈಕಿ, ನಾ ಅಲ್ಲ,” ಅಂದರು.

ಅತ್ತೆ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

ಈಗ ನಾವು ಎರಡನ್ನೂ ಹಾಕುತ್ತೇವೆ. ಗುಂಡಗುರ್ತಿಯ ನನ್ನ ತಮ್ಮ ಟ್ರ್ಯಾಕ್ಟರ್ ಹೊಡೆಯುತ್ತ ಆಡಿಯೋ ಕೇಳುತ್ತಾನೆ. ಹೋದ ಭಾನುವಾರ ದೊಡ್ಡತ್ತೆ ತಾವೇ ಬಸ್ಸು ಹತ್ತಿ ಬಂದರು. ಕೈಕಾಲು ತೊಳೆದವರೇ ತಂಗಿಯ ಪಕ್ಕ ಕೂತು, ವಿಡಿಯೋ ಇನ್ನೂ ಯಾಕೆ ಶುರು ಮಾಡಿಲ್ಲ ಎಂದು ನಮ್ಮನ್ನು ಕೇಳಿದರು.