ಅಪ್ಪ ಎಳೆದ ಚಿನ್ನದ ತಂತಿ

ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ.ಗೆ ಸೇರಿದ್ದೆ. ಒಂದೇ ಒಂದು ಅಣುವಿನ ಮೂಲಕ ಕರೆಂಟ್ ಹರಿಸಿದರೆ ಅದು ಎಷ್ಟು ಬಿಸಿಯಾಗುತ್ತದೆ, ಆ ಬಿಸಿ ಎಲ್ಲಿಗೆ ಹೋಗುತ್ತದೆ ಎನ್ನುವುದು ನನ್ನ ವಿಷಯ. ಪ್ರಯೋಗಕ್ಕೆಂದು ರಜೆಯಲ್ಲಿ ಹೈದರಾಬಾದಿನ ಲ್ಯಾಬಿಗೆ ಹೋಗುತ್ತಿದ್ದೆ. ಅಲ್ಲಿ ಯಂತ್ರವೊಂದು ಚಿನ್ನದ ಸಣ್ಣ ತಂತಿಯನ್ನು ಮೆಲ್ಲಗೆ ಎಳೆದು ತುಂಡು ಮಾಡುತ್ತದೆ. ಆ ಬಿರುಕಿನಲ್ಲಿ ಅಣುವೊಂದು ಎರಡೂ ತುದಿ ಹಿಡಿದು ನಿಲ್ಲಬೇಕು. ವೋಲ್ಟೇಜ್ ಕಡಿಮೆ ಇದ್ದರೆ ನಿಲ್ಲುತ್ತಿತ್ತು. ಏರಿಸಿದರೆ ಸಾಕು, ಕಾದು ಕಳಚಿಕೊಳ್ಳುತ್ತಿತ್ತು. ಅಳೆಯುವಷ್ಟು ಹೊತ್ತೂ ಕೊಡುತ್ತಿರಲಿಲ್ಲ. ಮೂರನೆಯ ಬೇಸಿಗೆಯೂ ಹಾಗೇ ಹೋಗುತ್ತಿತ್ತು. ಪರದೆಯ ಮೇಲೆ ಕರೆಂಟ್ ತೋರಿಸುವ ಗೆರೆ ಸೊನ್ನೆಗೆ ಬೀಳುವುದನ್ನು ನೋಡುತ್ತಾ ಕೂರುವುದೇ ನನ್ನ ಕೆಲಸವಾಗಿತ್ತು.

ಆ ರಜೆಯ ನಡುವೆ ನಾಲ್ಕು ದಿನ ನಮ್ಮೂರು ಸುರಪುರಕ್ಕೆ ಬಂದೆ. ಅಪ್ಪ ಅಕ್ಕಸಾಲಿಗ. ಮೂಗುತಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದವನು ತಲೆ ಎತ್ತದೆ ಕೇಳಿದ:

"ಏನಾತವ್ವ ನಿನ್ನ ಕೆಲಸ?"

"ಹರದು ಹೋಗಾಕತ್ತದಪ್ಪಾ. ಬಿಸಿ ತಡಕೊಳ್ಳವಲ್ದು."

"ಬಂಗಾರದಾಗ ಬಿಸಿ ನಿಲ್ಲಂಗೇ ಇಲ್ಲ. ಈ ತುದಿ ಕಾಸಿದ್ರ ಆ ತುದಿ ಕೈ ಸುಡತದ. ಅಣುವಿನ ಬಿಸಿ ಬಂಗಾರ ಜಗ್ಗಿಕೋಬೇಕಲ್ಲ?"

"ಅಣು ನಡುಗೋದೇ ಬ್ಯಾರೆ, ಬಂಗಾರ ನಡುಗೋದೇ ಬ್ಯಾರೆ. ಅದಕ್ಕ ಬಿಸಿ ಸಲೀಸು ದಾಟವಲ್ದು. ಎಷ್ಟು ದಾಟತದ ಅಂತ ಅಳೀಬೇಕು. ಅದೇ ಆಗವಲ್ದು."

ಅವನು ಊದುಗೊಳವೆ ಕೆಳಗಿಟ್ಟ. 

ಮರುದಿನದಿಂದ ಅಂಗಡಿಯ ಕೆಲಸ ಬಿಟ್ಟು ಚೊಕ್ಕ ಚಿನ್ನದ ತಂತಿ ಎಳೆಯತೊಡಗಿದ. ತೂತಿನ ಉಕ್ಕಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ, ಅದಕ್ಕಿಂತ ಸಣ್ಣದಕ್ಕೆ. ಎರಡು ದಿನ. ನಾನು ಹೊರಡುವಾಗ ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟ.

"ಇದರಾಗ ಮಾಡಿ ನೋಡು. ಲ್ಯಾಬಿನವರ ತಂತ್ಯಾಗ ಏನರ ಬೆರಕಿ ಇರಬೇಕು."

ತಪ್ಪು ತಂತಿಯದಲ್ಲ ಎಂದು ನನಗೆ ಗೊತ್ತಿತ್ತು. ಅವನ ಬೆರಳುಗಳು ಕೆಂಪಗಾಗಿದ್ದವು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

ಲ್ಯಾಬಿನಲ್ಲಿ ಒಪ್ಪಿಗೆ ಪಡೆದು ಅದನ್ನೇ ಹಾಕಿದೆ. ಆ ವಾರವೆಲ್ಲಾ ಹಾಕಿದೆ. ವೋಲ್ಟೇಜ್ ಏರಿಸಿದಾಗಲೆಲ್ಲ ಗೆರೆ ಬಿದ್ದೇ ಬಿತ್ತು.

ವಾರದ ಕೊನೆಗೆ ಒಂದು ಸಂಜೆ ಅಪ್ಪನ ಫೋನು. "ನಿಂತಿತೇನು?"

"ಇಲ್ಲಪ್ಪಾ."

"ಕಣ್ಣು ಮೊದಲಿನಂಗ ಇಲ್ಲವ್ವ. ಎಲ್ಲೋ ನಂದೇ ತಪ್ಪಾಗ್ಯಾದ."

"ನಿಂದಲ್ಲಪ್ಪಾ, ಖರೇನ ನಿಂದಲ್ಲ" ಎಂದೆ. ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ಒಪ್ಪಿಗೆಯಾಗಲಿಲ್ಲ.

ಕಡಿಮೆ ವೋಲ್ಟೇಜಿನ ಫಲಿತಾಂಶ ಮಾತ್ರ ಬರೆಯಿರಿ ಎಂದರು ಮಾರ್ಗದರ್ಶಕರು. ಬರೆದೆ, ಪದವಿಯೂ ಬಂತು. ಆ ಪ್ರಬಂಧದ ಪುಸ್ತಕವನ್ನು ಅಪ್ಪ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾನೆ. ಯಾರಾದರೂ ಕೈಗೆತ್ತಿಕೊಂಡರೆ, "ಅರ್ಧ ಆಗ್ಯಾದ್ರಿ, ಇನ್ನರ್ಧ ನನ್ನಿಂದ ಕೆಟ್ಟದ" ಎನ್ನುತ್ತಾನೆ.